ಮುಚ್ಚಿದರಷ್ಟೇ ತಂಪಿನ ಬಾಗಿಲು

ಅಂಕಿಗಳಲ್ಲಿ ಎರಡು ಜಾತಿ. ಹೆಚ್ಚಿದ್ದಷ್ಟೂ ಜನ ಮೆಚ್ಚುವಂಥವು ಒಂದು, ಕಡಿಮೆ ಇದ್ದಷ್ಟೂ ಮೆಚ್ಚುವಂಥವು ಇನ್ನೊಂದು. ಕಬ್ಬಿನ ತೂಕ, ದ್ರಾಕ್ಷಿಯ ಸಿಹಿ, ಹುಡುಗರ ಮಾರ್ಕ್ಸು, ಎಮ್ಮೆಯ ಹಾಲು, ಅಳಿಯನ ಸಂಬಳ, ಇವೆಲ್ಲ ಮೊದಲನೆಯ ಜಾತಿ. ರಕ್ತದೊತ್ತಡ, ಪಂಪ್‌ಸೆಟ್ಟಿನ ಮೋಟರು ಸುಟ್ಟುಕೊಳ್ಳುವ ಸಲ, ಬೀಗರು ನಮ್ಮಲ್ಲಿ ಉಳಿದುಕೊಳ್ಳುವ ದಿನ, ಇವು ಎರಡನೆಯವು. ಕಾಗವಾಡದ ಸುತ್ತಮುತ್ತ ಈ ಎರಡನೆಯ ಜಾತಿಗೆ ಮರ್ಯಾದೆ ಸಾಲದು. ಇಲ್ಲಿ ಅಂಕಿ ಎಂದರೆ ಮೇಲೇರಬೇಕಾದ್ದು. ಕಾರ್ಖಾನೆಯವರು ಕಬ್ಬಿನಿಂದ ಸಕ್ಕರೆ ಎಷ್ಟು ಇಳಿಯಿತೆಂದು ನೋಡುತ್ತಾರೆ. ದ್ರಾಕ್ಷಿಯವರು ಹಣ್ಣಿನ ರಸವನ್ನು ದುರ್ಬೀನಿನಂಥ ಒಂದು ಸಾಧನದ ಗಾಜಿಗೆ ಬಿಟ್ಟು, ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ಸಿಹಿಯ ಅಂಕಿ ಓದುತ್ತಾರೆ. ಇಂಥ ಊರಿನಲ್ಲಿ, ಸೊನ್ನೆಯಿಂದ ಶುರುವಾಗುವ ಅಂಕಿಯ ಚೀಟಿ ಅಂಟಿಸಿಕೊಂಡ ಒಂದು ಬಾಗಿಲನ್ನು ಮನೆಗೆ ಕೂಡಿಸಿಕೊಂಡು, ಇದಕ್ಕಿಂತ ಒಳ್ಳೆಯ ಬಾಗಿಲು ಸುತ್ತ ಹತ್ತೂರಿನಲ್ಲಿ ಇಲ್ಲವೆಂದು ಜನಕ್ಕೆ ತಿಳಿಸಿ ಹೇಳಲು ಹೊರಟವನ ಪಾಡು ಏನಾಗಬಹುದೋ ಅದೇ ನನ್ನದಾಯಿತು. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ತಿಳಿಸಿ ಹೇಳುವುದು ನನಗೆ ಹೊಟ್ಟೆಪಾಡೂ ಹೌದು, ಚಟವೂ ಹೌದು.

ಇದು ತೊಂಬತ್ತರ ದಶಕದ ನಡುವಿನ ಮಾತು. ಅದಕ್ಕೂ ಮೊದಲು ನಾವು ಬಹಳ ವರ್ಷ ಅಥಣಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಒಂದರ ಬೆನ್ನಿಗೊಂದು ಎರಡು ಖೋಲಿ. ಮುಂದಿನದರಲ್ಲಿ ನನ್ನ ಪುಸ್ತಕ, ನನ್ನ ಸೈಕಲ್ಲು, ಟ್ಯೂಶನ್ನಿಗೆ ಬರುವ ಹುಡುಗರು. ಹಿಂದಿನದರಲ್ಲಿ ಒಲೆ, ನೀರಿನ ಹಂಡೆ ಮತ್ತು ಸುಶೀಲಾ. ಸುಶೀಲಾ ನನ್ನ ಹೆಂಡತಿ, ಮಂಗಸೂಳಿಯ ಹೆಣ್ಣುಮಗಳು. ಆಕೆ ಬೆಳೆದ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನವಾಯಿತೆಂದರೆ ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದರಂತೆ. ಶೇಂಗಾ ಸುಲಿಯುವುದು, ಮೆಂತ್ಯೆಪಲ್ಯೆ ಸೋಸುವುದು, ಕೌದಿ ಹೊಲಿಯುವುದು, ಆ ದಿನ ಬಾರದೆ ಇದ್ದವರ ಸುದ್ದಿಯನ್ನು ಬುಡಸಮೇತ ಮುಗಿಸುವುದು, ಎಲ್ಲವೂ ಅಲ್ಲೇ. ಅಥಣಿಯಲ್ಲಿ ನೆರೆಯವರು ಬಂದರೆ ಹೊಸ್ತಿಲ ಹೊರಗೇ ನಿಂತು ಮಾತಾಡಿ ಹೋಗಬೇಕು. ಒಳಗೆ ಕರೆದು ಕೂರಿಸುವುದೆಲ್ಲಿ, ಸೈಕಲ್ಲಿನ ಮೇಲೆ? ಹೀಗಾಗಿ ನಿಂತು ಮಾತಾಡುವವರು ನಿಂತಷ್ಟೇ ಮಾತಾಡಿದರು. ಕಾಗವಾಡದ ಶಾಲೆಗೆ ಬಂದು, ಜಾಗ ತೆಗೆದುಕೊಂಡು, ಮನೆ ಕಟ್ಟಿಸಲು ನಿಂತಾಗ ನಾನು ನಕ್ಷೆ ಹರವಿಕೊಂಡು ಓದುವ ಖೋಲಿ ಎಲ್ಲಿ, ಪುಸ್ತಕದ ಗೂಡು ಎಲ್ಲಿ ಎಂದು ಗೆರೆ ಎಳೆಯುತ್ತಿದ್ದೆ. ಆಕೆ ಕೇಳಿದ್ದು ಒಂದೇ. "ನಿಮಗ ಏನ ಬೇಕೋ ಕಟ್ಟಿಸ್ಕೋರಿ. ನನಗ ಮುಂದ ಒಂದ ದೊಡ್ಡ ಪಡಸಾಲಿ ಬೇಕ. ನಾಕ ಮಂದಿ ಬಂದ ಕುಂಡ್ರಬೇಕ. ಇಷ್ಟ ವರ್ಷ ಒಬ್ಬಾಕಿನ ಗ್ವಾಡಿ ನೋಡ್ಕೋತ ಕುಂತೇನಿ, ಸಾಕಾಗೇತಿ ನನಗ." ಗಂಡ ಇರುವಾಗ ಒಬ್ಬಾಕೆ ಹೇಗಾದಳು ಎಂದು ಕೇಳಬೇಕೆನ್ನಿಸಿತ್ತು. ಕೇಳಲಿಲ್ಲ, ಉತ್ತರ ಬಂದುಬಿಟ್ಟೀತೆಂಬ ಅಂಜಿಕೆಯಿತ್ತು.

ಪಡಸಾಲೆ ದೊಡ್ಡದಾಗಿಯೇ ಎದ್ದಿತು. ರಸ್ತೆ ಪಡುವಣಕ್ಕಿದ್ದುದರಿಂದ ಮನೆಯ ಮುಖವೂ ಪಡುವಣಕ್ಕೇ ಆಯಿತು. ಬಾಗಿಲಿಗೆ ಸಾಗವಾನಿ ಹುಡುಕುತ್ತಿದ್ದಾಗ ಸುಶೀಲಾಳ ಅಣ್ಣ ಅಪ್ಪಾಸಾಹೇಬ ಬಂದ. ಮಂಗಸೂಳಿಯಲ್ಲಿ ದ್ರಾಕ್ಷಿ ತೋಟ ಮಾಡಿದವನು. ನಮ್ಮ ಕಡೆಯ ದ್ರಾಕ್ಷಿ ವಿಮಾನ, ಹಡಗು ಹತ್ತಲು ಕಲಿಯುತ್ತಿದ್ದ ಕಾಲ ಅದು. ಆತ ಬೇರೆ ತೋಟಗಾರರ ಜೊತೆ ಕೂಡಿ ಮಿರಜ ರಸ್ತೆಗೆ ಒಂದು ಕೋಲ್ಡ್ ಸ್ಟೋರೇಜು ಕಟ್ಟಿಸಿದ್ದ. ಅದರ ಆಫೀಸಿಗೆಂದು ಹೊರದೇಶದಿಂದ ತರಿಸಿದ ಗಾಜಿನ ಬಾಗಿಲುಗಳಲ್ಲಿ ಒಂದು ಅಳತೆ ತಪ್ಪಿ ಉಳಿದುಬಿಟ್ಟಿತ್ತು. ತಂಗಿಯ ಗಂಡನನ್ನು ಆತ ಮರಾಠಿಯವರಂತೆ ದಾಜಿ ಎನ್ನುತ್ತಾನೆ. "ಅಹೋ ದಾಜಿ, ಕಟ್ಟಿಗಿ ಬಾಗಲಾ ಯಾರ ಬೇಕಾದವ್ರ ಕೂಡಸ್ತಾರ. ನಮ್ಮ ಸುಶೀ ಮನಿಗೆ ಫಾರೇನ್ ಬಾಗಲಾ ಇರ್ಲಿ. ಮಂದಿ ನೋಡಿ ದಂಗಾಗಬೇಕ!" ಎಂದ. ತವರಿನವರು ಮನೆಶಾಂತಿಗೆ ಕೊಡುವ ಆಹೇರ ಅದು. ಆಹೇರ ಸೀರೆಯಾಗಿದ್ದರೆ ಬಣ್ಣ ಸೇರದಿದ್ದರೂ ಟ್ರಂಕಿನ ತಳಕ್ಕೆ ಹಾಕಿ ಮರೆಯಬಹುದು. ಬಾಗಿಲನ್ನು ಟ್ರಂಕಿಗೆ ಹಾಕಲು ಬರುವುದಿಲ್ಲ. ಅದೂ ಅಲ್ಲದೆ ಸುಶೀಲಾ ಕಣ್ಣು ತುಂಬಿಕೊಂಡು ನಿಂತಿದ್ದಳು. ಬಡಿಗನನ್ನು ಕರೆಸಿ, ಕಟ್ಟಿದ ಗೋಡೆಯನ್ನು ಒಡೆಸಿ, ಮನೆಗೆ ಬಾಗಿಲು ಮಾಡಿಸುವ ಬದಲು ಬಾಗಿಲಿಗೆ ತಕ್ಕ ಮನೆ ಮಾಡಿಸಿದೆವು.

ಬಾಗಿಲು ಮಾತ್ರ ಬಾಗಿಲೇ, ಎರಡು ಮಾತಿಲ್ಲ. ಗೋಡೆಯಗಲದ ಗಾಜು, ಅದೂ ಒಂದಲ್ಲ, ಒಂದರ ಹಿಂದೆ ಒಂದು ಎರಡು, ನಡುವೆ ಬೆರಳು ದಪ್ಪದ ಗಾಳಿ, ಆ ಗಾಳಿ ಎತ್ತಲೂ ಹೋಗದಂತೆ ಸುತ್ತಲೂ ಬಿಗಿ. ಹಳಿಯ ಮೇಲೆ ಸರಿಯುವ ಬಾಗಿಲು, ಅಂಚಿಗೆ ರಬ್ಬರು. ಮುಚ್ಚಿದರೆ ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರು ಬಾಯಿ ಬಡಿದುಕೊಳ್ಳುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮೂಲೆಯಲ್ಲೊಂದು ಚೀಟಿ ಅಂಟಿತ್ತು. ಫಾರೇನಿನದು ಎಂಬುದಕ್ಕೆ ಅದೊಂದೇ ಸಾಕ್ಷಿಯಾದ್ದರಿಂದ ಅದನ್ನು ಕೀಳಲು ಸುಶೀಲಾ ಯಾರಿಗೂ ಬಿಡಲಿಲ್ಲ. ಚೀಟಿಯಲ್ಲಿ ಎರಡು ಅಂಕಿ. ಮೊದಲನೆಯದರ ಮುಂದೆ 'ಯು' ಎಂಬ ಇಂಗ್ಲಿಷ್ ಅಕ್ಷರ, ಆಮೇಲೆ ಸೊನ್ನೆ, ಚುಕ್ಕೆ, ನಾಲ್ಕು. ಕೆಳಗಿನದು ಸೊನ್ನೆ, ಚುಕ್ಕೆ, ಏಳು. ಮನೆ ನೋಡಲು ಬಂದವರೆಲ್ಲ ಮೊದಲು ಬಗ್ಗಿ ಇದನ್ನೇ ಓದುತ್ತಿದ್ದರು. "ಮಾಸ್ತರ, ನಿಮ್ಮ ಬಾಗಲಾ ನಪಾಸ ಆಗೇತಲ್ರಿ!" ಎಂದು ಒಬ್ಬರು ನಕ್ಕರೆ, ಇನ್ನೊಬ್ಬರು ಸಮಾಧಾನ ಹೇಳುವ ದನಿಯಲ್ಲಿ, "ಇರ್ಲಿ ಬಿಡ್ರಿ, ಪುಕ್ಕಟ ಬಂದದ್ದಕ್ಕ ಎಷ್ಟ ಮಾರ್ಕ್ಸ ಬಿದ್ರೇನು" ಎನ್ನುತ್ತಿದ್ದರು.

ಆಗ ನನ್ನ ಪಾಠ ಶುರು. ಈ 'ಯು' ಎನ್ನುವುದು ಗಾಜಿನ ಮೂಲಕ ಶಾಖ ಎಷ್ಟು ದಾಟುತ್ತದೆ ಎಂಬುದರ ಲೆಕ್ಕ. ಹೊರಗಿನ ಗಾಳಿ ಬಿಸಿ, ಒಳಗಿನದು ತಂಪು ಎಂದಿಟ್ಟುಕೊಳ್ಳಿ. ಆ ವ್ಯತ್ಯಾಸ ಒಂದು ಡಿಗ್ರಿ ಇದ್ದರೆ, ಒಂದು ಚದರಡಿ ಗಾಜಿನಲ್ಲಿ ಒಂದು ಗಂಟೆಗೆ ಇಷ್ಟು ಶಾಖ ನುಸುಳುತ್ತದೆ ಎಂದು ಅಳೆದು ಬರೆಯುತ್ತಾರೆ. ಕಡಿಮೆ ನುಸುಳಿದರೆ ಒಳ್ಳೆಯದಲ್ಲವೆ? ಆದ್ದರಿಂದ ಅಂಕಿ ಕಡಿಮೆಯಿದ್ದಷ್ಟೂ ಬಾಗಿಲು ಹೆಚ್ಚಿನದು. ನಿಮ್ಮ ಮನೆಯ ಕಿಟಕಿಯ ಒಂಟಿ ಗಾಜಿಗೆ ಇದೇ ಅಂಕಿ ಒಂದನ್ನು ದಾಟುತ್ತದೆ. ಇಲ್ಲಿ ನಡುವಿನ ಗಾಳಿ ಕಾವಲು ನಿಂತಿದೆ. ಕುರುಬರು ಚಳಿಗೂ ಕಂಬಳಿ, ಬಿಸಿಲಿಗೂ ಕಂಬಳಿ ಹೊದೆಯುತ್ತಾರಲ್ಲ, ಅದರ ಗುಟ್ಟೂ ಉಣ್ಣೆಯೊಳಗೆ ಸಿಕ್ಕಿಬಿದ್ದ ಗಾಳಿಯೇ. ಜನ ತಲೆದೂಗಿ ಕೇಳುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಹೋಗುವಾಗ ರಸ್ತೆಯಲ್ಲಿ, "ಪಾಪ, ಮಾಸ್ತರಗ ಬಾಗಲದ್ದ ಭಾಳ ಮನಸಿಗೆ ಹತ್ತೇತಿ" ಎಂದುಕೊಂಡು ಹೋಗುತ್ತಿದ್ದರು. ಬಾಗಿಲು ತೆರೆದಿದ್ದುದರಿಂದ ಅದು ನನಗೆ ಕೇಳುತ್ತಿತ್ತು.

ಗಾಜು ಎಷ್ಟು ತಿಳಿಯೆಂದರೆ ಮುಚ್ಚಿದೆಯೋ ತೆರೆದಿದೆಯೋ ತಿಳಿಯುತ್ತಿರಲಿಲ್ಲ. ಇದಿರು ಮನೆಯ ಅಕ್ಕಾತಾಯಿ, ಓಣಿಗೆಲ್ಲ ಹಿರಿಯಳು, ಒಂದು ಮಧ್ಯಾಹ್ನ ತಟ್ಟೆಯಲ್ಲಿ ಬಿಸಿ ಹಪ್ಪಳ ಹಿಡಿದುಕೊಂಡು ನೇರವಾಗಿ ಬಂದು ಹಣೆ ಕುಟ್ಟಿಕೊಂಡಳು. ಹಪ್ಪಳ ಪುಡಿಯಾಯಿತು, ಗಾಜಿಗೆ ಏನೂ ಆಗಲಿಲ್ಲ. ಮರುದಿನದಿಂದ ಆಕೆ ರಸ್ತೆಯ ನಡುವೆಯೇ ನಿಂತು, "ಯವ್ವಾ ಸುಶೀಲಾ, ಇವತ್ತ ತೆಗದೈತೋ, ಹಾಕೇತೋ?" ಎಂದು ಕೂಗಿ ಕೇಳಿ, ಕೈ ಮುಂದೆ ಚಾಚಿಕೊಂಡು ಬರುತ್ತಿದ್ದಳು. ಸುಶೀಲಾ ಗಾಜಿಗೆ ಸಾಲಾಗಿ ಕುಂಕುಮದ ಬೊಟ್ಟು ಇಟ್ಟಳು. ಒಟ್ಟಿನಲ್ಲಿ ಆ ಚಳಿಗಾಲವೆಲ್ಲ ಆಕೆಯ ಪಡಸಾಲೆ ತುಂಬಿತ್ತು. ಬಾಗಿಲು ನೋಡಲು ಬಂದವರು ಕೂತರು, ಕೂತವರು ಮರುದಿನ ಮೊರ ತಂದರು. ನಾನು ಶಾಲೆಯಿಂದ ಬಂದರೆ ನನ್ನ ಚಪ್ಪಲಿ ಬಿಡಲು ಜಾಗ ಸಿಗುತ್ತಿರಲಿಲ್ಲ. ಆಕೆ ನಗುವುದನ್ನು ರಸ್ತೆಯಿಂದಲೇ ಕೇಳಿ, ಇದು ನಮ್ಮ ಮನೆಯೇ ಹೌದೋ ಅಲ್ಲವೋ ಎಂದು ಒಂದು ಕ್ಷಣ ನಿಲ್ಲುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬಹಳ ಸಂತೋಷವಾಗುತ್ತಿತ್ತು. ಮುಖದ ಮೇಲೆ ತೋರಿಸುವ ಅಭ್ಯಾಸ ಮಾತ್ರ ಇಲ್ಲ.

ಆಮೇಲೆ ಬೇಸಿಗೆ ಬಂದಿತು. ಹೊತ್ತು ಪಡುವಣಕ್ಕೆ ವಾಲಿದ ಕೂಡಲೆ ಬಿಸಿಲು ಗಾಜನ್ನು ಹಾದು, ಪಡಸಾಲೆಯ ಆಚೆ ಗೋಡೆಯವರೆಗೆ ಹೋಗಿ ಕಾಲು ಚಾಚಿ ಮಲಗುತ್ತಿತ್ತು. ಬಾಗಿಲು ಮುಚ್ಚಿದರೆ ಇನ್ನೂ ಕಷ್ಟ. ಒಳಗೆ ಬಂದ ಕಾವು ಹೊರಗೆ ಹೋಗಲು ಒಲ್ಲೆನ್ನುತ್ತಿತ್ತು. ಹಾಸುಗಲ್ಲಿನ ಮೇಲೆ ಕಾಲಿಡಲಾಗದೆ ಹೆಂಗಸರು ಅಡಿಗೆಮನೆಯ ಕಡೆ ಸರಿದರು, ಅಲ್ಲಿಂದ ಹಿತ್ತಿಲಿಗೆ ಸರಿದರು. "ಮಾಸ್ತರ, ನಿಮ್ಮ ಕಂಬಳಿ ಭಾಳ ಬೆಚ್ಚಗೈತಿ" ಎಂದು ಅಕ್ಕಾತಾಯಿ ಬೆವರು ಒರೆಸಿಕೊಂಡಳು. ನನಗೆ ಅವಮಾನವಾಯಿತು. ಅಥಣಿಯ ಕಾಲೇಜಿನ ಲೈಬ್ರರಿಗೆ ಹೋಗಿ, ಕಟ್ಟಡಗಳ ಬಗೆಗಿನ ದಪ್ಪ ಪುಸ್ತಕವೊಂದನ್ನು ಇಳಿಸಿ, ಧೂಳು ಝಾಡಿಸಿ ನೋಡಿದಾಗ ಚೀಟಿಯ ಎರಡನೆಯ ಅಂಕಿಯ ಹಕೀಕತ್ತು ತಿಳಿಯಿತು. ಮೊದಲನೆಯದು ಗಾಳಿಯ ಬಿಸಿ ಎಷ್ಟು ದಾಟುತ್ತದೆಂದು ಹೇಳಿದರೆ, ಎರಡನೆಯದು ನೇರ ಬೀಳುವ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆಂದು ಹೇಳುತ್ತದೆ. ನಮ್ಮ ಬಾಗಿಲು ಹತ್ತು ಪಾಲಿನಲ್ಲಿ ಏಳನ್ನು ಕೈಮುಗಿದು ಒಳಗೆ ಕರೆದುಕೊಳ್ಳುತ್ತಿತ್ತು. ಹಿಮ ಬೀಳುವ ಊರಿನವರಿಗೆ ಬೇಕಾದ್ದು ಅದೇ: ಇದ್ದಷ್ಟು ಬಿಸಿಲನ್ನು ಒಳಗೆ ತುಂಬಿಕೊಳ್ಳುವುದು, ತುಂಬಿದ ಮೇಲೆ ಹೊರಗೆ ಬಿಡದಿರುವುದು. ಎರಡೂ ಅಂಕಿ ಅವರಿಗೆ ಸರಿಯೇ. ಬಿಸಿಲಿನ ಊರಿಗೆ ಎರಡೂ ಕಡಿಮೆ ಇರಬೇಕು. ಆ ಎರಡನೆಯದನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ. ನಾಲ್ಕಕ್ಕಿಂತ ಏಳು ದೊಡ್ಡದಾದ್ದರಿಂದ, ಊರಿನ ನೀರು ಕುಡಿದ ತಪ್ಪಿಗೆ, ಇದೂ ಒಳ್ಳೆಯದೇ ಇರಬೇಕೆಂದು ಬಿಟ್ಟಿದ್ದೆ.

ಅಪ್ಪಾಸಾಹೇಬನಿಗೆ ಇದನ್ನು ಹೇಳುವುದು ನಾಜೂಕಿನ ಕೆಲಸ. ಆಹೇರ ಕೊಟ್ಟವನ ಮುಂದೆ ಆಹೇರದ ದೋಷ ಎತ್ತಬಾರದು. ಅದರಲ್ಲೂ ಆತನ ತಂಗಿ ಚಹಾದ ಕಪ್ಪು ಹಿಡಿದು ಪಕ್ಕದಲ್ಲೇ ನಿಂತಿರುವಾಗ. ನಾನು ಹಿಮದಿಂದ ಶುರುಮಾಡಿ, ಭೂಮಿಯ ವಾಲುವಿಕೆಯನ್ನು ಹಾದು, ಸೂರ್ಯನ ಕಿರಣಗಳ ಹತ್ತಿರ ಬರುವಷ್ಟರಲ್ಲಿ ಆತ ಕೈ ಅಡ್ಡ ಹಿಡಿದ. "ಬಿಸಲ ಒಳಗ ಬರಬಾರದ, ಅಷ್ಟ ಹೌದಲ್ರಿ? ಮುಗೀತ ಬಿಡ್ರಿ." ಮರುದಿನ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದ. ದ್ರಾಕ್ಷಿಯ ಎಲೆಗೆ ರೋಗ ಹತ್ತಬಾರದೆಂದು ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುತ್ತಾರಲ್ಲ, ಅದೇ ನೀರು. ಸುಣ್ಣವನ್ನು ಮಾತ್ರ ಧಾರಾಳವಾಗಿ ಹಾಕಿದ್ದ. ಮುಖಕ್ಕೆ ಟವೆಲ್ಲು ಬಿಗಿದು, ಬಳ್ಳಿಗೆ ಹೊಡೆಯುವ ಶ್ರದ್ಧೆಯಿಂದಲೇ ಬಾಗಿಲಿನ ಹೊರಮೈಗೆ ಮೇಲಿಂದ ಕೆಳಗೆ ಹೊಡೆದ, ಒಣಗಲು ಬಿಟ್ಟ, ಮತ್ತೆ ಹೊಡೆದ. ಗಾಜು ತೆಳು ನೀಲಿಯಾಗಿ, ಹಾಲಿನ ಕೆನೆಯಂತೆ ಮುಚ್ಚಿಕೊಂಡಿತು. ಕುಂಕುಮದ ಬೊಟ್ಟುಗಳೂ ಅದರಡಿಗೆ ಹೋದವು. "ಇನ್ನ ನಿಮ್ಮ ಬಾಗಲಕ್ಕ ಯಾವ ರೋಗಾನೂ ಬರಂಗಿಲ್ಲ" ಎಂದು ಹೇಳಿ ಹೋದ. ತಾರಸಿಯ ಮೇಲೆ ಕಬ್ಬಿನ ರವದಿ, ಎಂದರೆ ಒಣಗಿದ ಸೋಗೆ, ಹರವಿ ನಾನೇ ನೀರು ಹೊಡೆದೆ.

ಎಂಥ ತಂಪಾಯಿತೆಂದರೆ ನನಗೇ ನಂಬಿಕೆ ಬರಲಿಲ್ಲ. ಬೆಳಗಿನ ತಂಪು ಇರುವಾಗಲೇ ಬಾಗಿಲು ಎಳೆದುಬಿಟ್ಟರೆ, ಮಧ್ಯಾಹ್ನ ರಸ್ತೆಯ ಡಾಂಬರು ಮೆತ್ತಗಾಗುವ ಹೊತ್ತಿಗೂ ಒಳಗೆ ಬೆಳಗೇ ಇರುತ್ತಿತ್ತು. ಶಾಲೆಗೆ ರಜೆ, ನಾನು ಮನೆಯಲ್ಲೇ. ಒಂದು ಕಾಯಿದೆ ಮಾಡಿದೆ: ಬಿಸಿಲೇರಿದ ಮೇಲೆ ಬಾಗಿಲು ತೆಗೆಯುವಂತಿಲ್ಲ, ಹೊತ್ತು ಇಳಿದ ಮೇಲೆಯೇ ತೆಗೆಯಬೇಕು. ಚೀಟಿಯ ಮೇಲಿನ ಅಂಕಿ ಮುಚ್ಚಿದ ಬಾಗಿಲಿನ ಅಂಕಿ. ತೆರೆದ ಬಾಗಿಲಿಗೆ ಯಾವ ದೇಶದವರೂ ಅಂಕಿ ಕೊಡುವುದಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ಹೇಳಬೇಕು. ಹಗಲು ಹೊತ್ತು ಮನೆಯ ಮುಂಬಾಗಿಲನ್ನು ಮುಚ್ಚುವುದಿಲ್ಲ. ಮುಚ್ಚಿದ್ದರೆ ಅದಕ್ಕೊಂದು ಅರ್ಥವಿರಬೇಕು. ಮನೆಯವರು ಊರಿಗೆ ಹೋಗಿದ್ದಾರೆ, ಅಥವಾ ಒಳಗೆ ಗಂಡಹೆಂಡಿರ ಜಗಳ ನಡೆದಿದೆ, ಅಥವಾ ಏನೋ ವಿಶೇಷ ಮಾಡಿಕೊಂಡು ಯಾರಿಗೂ ಕೊಡದೆ ತಿನ್ನುತ್ತಿದ್ದಾರೆ, ಅಥವಾ ಅಶುಭವೇನೋ ಆಗಿದೆ. ಈ ಪಟ್ಟಿಯಲ್ಲಿ 'ಒಳಗೆ ತಂಪು ಹಿಡಿದಿಟ್ಟಿದ್ದಾರೆ' ಎಂಬುದಿಲ್ಲ. ಮುಚ್ಚಿದ ಬಾಗಿಲನ್ನು ಯಾರೂ ತಾವಾಗಿ ತೆರೆಯುವುದಿಲ್ಲ. ಹೊರಗೆ ನಿಂತು ಒಂದು ಸಲ ಕೂಗುತ್ತಾರೆ, ಓಗೊಡದಿದ್ದರೆ ಸದ್ದಿಲ್ಲದೆ ಹಿಂದಿರುಗುತ್ತಾರೆ. ನಮ್ಮ ಬಾಗಿಲಿಗೆ ಕೂಗಿದರೆ ಕೇಳುವುದಿಲ್ಲ. ಮೊದಲು ಗಾಜು ತಿಳಿಯಾಗಿದ್ದಾಗ ಒಳಗಿನವರಾದರೂ ಕಾಣುತ್ತಿದ್ದರು. ಈಗ ಅದೂ ಇಲ್ಲ. ಓಣಿಯವರು ಮೊರ ಹಿಡಿದು ಬಂದು, ನೀಲಿ ಗೋಡೆಯಂಥ ಬಾಗಿಲನ್ನು ನೋಡಿ, ಒಮ್ಮೆ ಕೂಗಿ, ಹೊಳ್ಳಿ ಹೋದರು. ಒಂದು ವಾರ ಕಳೆಯುವುದರೊಳಗೆ ಕೂಗುವುದನ್ನೂ ಬಿಟ್ಟರು. ಸುಶೀಲಾ ತಂಪು ಪಡಸಾಲೆಯ ನಡುವೆ ಮೊರ ಮುಂದಿಟ್ಟುಕೊಂಡು ಒಬ್ಬಳೇ ಶೇಂಗಾ ಸುಲಿಯುತ್ತಿದ್ದಳು. ಒಂದೊಂದು ಕಾಯಿ ಒಡೆಯುವ ಸದ್ದೂ ನನ್ನ ಓದುವ ಖೋಲಿಗೆ ಕೇಳುತ್ತಿತ್ತು.

ನಾನು ಉಪಾಯ ಮಾಡದೆ ಇರಲಿಲ್ಲ. ಒಂದು ಪಾಟಿಯ ಮೇಲೆ ದುಂಡಗೆ, 'ಒಳಗಿದ್ದೇವೆ. ಬಾಗಿಲು ಸರಿಸಿ ಬನ್ನಿ' ಎಂದು ಬರೆದು ಬಾಗಿಲಿನ ಹೊರಗೆ ತೂಗುಹಾಕಿದೆ. ಅದನ್ನು ಓದಿ ಒಳಗೆ ಬಂದವನು ಒಬ್ಬನೇ. ಮುಗಳಖೋಡ ಕಡೆಯ ರೈತ, ಪರಿಚಯವಿಲ್ಲದವನು, ಗದ್ದಕ್ಕೆ ವಸ್ತ್ರ ಬಿಗಿದುಕೊಂಡು ಬಂದು ಕುರ್ಚಿಯ ಮೇಲೆ ಕೂತು ಬಾಯಿ ತೆರೆದ. ನನಗೆ ಅರ್ಥವಾಗಲಿಲ್ಲ. "ಎಡಗಡೆ ದವಡಿ ಹಲ್ಲರಿ" ಎಂದ. ಮಸುಕು ಗಾಜು, ಒಳಗಿದ್ದೇವೆ ಎಂಬ ಬರಹ, ಆತ ಇನ್ನೇನು ತಿಳಿದುಕೊಳ್ಳಬೇಕು? ನಾನು ಮಾಸ್ತರನೆಂದು ತಿಳಿದ ಮೇಲೂ ಆತ ಬೇಗ ಏಳಲಿಲ್ಲ. "ಏನರ ಅನ್ರಿ, ನಿಮ್ಮ ದವಾಖಾನಿ ಭಾಳ ತಂಪೈತಿ" ಎಂದು ಹೇಳಿ, ಸುಶೀಲಾ ಕೊಟ್ಟ ಲವಂಗ ಬಾಯಿಗೆ ಹಾಕಿಕೊಂಡು ಹೋದ. ಆ ಬೇಸಿಗೆಯಲ್ಲಿ ನನ್ನ ಪಡಸಾಲೆಯನ್ನು ಹೊಗಳಿದ ಮೊದಲ ಮನುಷ್ಯ ಆತ. ಸುಶೀಲಾ ಪಾಟಿಯನ್ನು ತೆಗೆದು ಒಳಗಿಟ್ಟಳು.

ಅಷ್ಟರಲ್ಲಿ ಸುದ್ದಿ ಬಸ್ಸು ಹತ್ತಿತ್ತು. ಒಂದು ಮಧ್ಯಾಹ್ನ ಅಪ್ಪಾಸಾಹೇಬ ಫಟಫಟಿಯ ಮೇಲೆ ಬಿಸಿಲಲ್ಲೇ ಬಂದಿಳಿದು, ಹಿತ್ತಿಲ ಬಾಗಿಲಿನಿಂದ ಓಡುತ್ತ ಒಳಗೆ ನುಗ್ಗಿದ. ನಾವಿಬ್ಬರೂ ಇದ್ದುದನ್ನು ನೋಡಿ ಅಲ್ಲೇ ಕುಸಿದು ಕೂತ. "ಎಲ್ಲಾರೂ ಛಲೋ ಅದೀರಿ? ಹಗಲಹೊತ್ತನ್ಯಾಗ ಸುಶೀ ಮನಿ ಬಾಗಲಾ ಹಾಕೇತಿ ಅಂತ ಮಂಗಸೂಳಿ ತುಂಬ ಮಾತಾಡಾಕತ್ತಾರ. ನನ್ನ ಜೀವ ಹಾರಿಹೋಗಿತ್ತಲ್ರಿ ದಾಜಿ! ಬಾಗಲಾ ಯಾಕ ಹಾಕೀರಿ?" ನಾನು ಶಾಂತವಾಗಿ, ತಂಪಿಗಾಗಿ ಎಂದೆ, ಆ ಬಾಗಿಲಿನ ಅಂಕಿಯೇ ಹಾಗೆ, ಮುಚ್ಚಿದರಷ್ಟೇ ಖರೆಯಾಗುವುದು ಎಂದೆ. ಆತ ಬಾಗಿಲಿನ ಕಡೆ ಕೈ ಮಾಡಿದ. "ಹಾಕಾಕ ಯಾರ ಕೊಟ್ಟಿದ್ರು? ನಾ ಚಂದ ಕಾಣ್ಲಿ ಅಂತ ಕೊಟ್ಟಿದ್ದೆ" ಎಂದ. ಬಾಗಿಲು ಕೊಟ್ಟವನಿಗೆ ಅದು ಮುಚ್ಚುವ ವಸ್ತುವೆಂಬುದು ಹೊಳೆದಿರಲೇ ಇಲ್ಲ.

ಅಣ್ಣ ಹೋದ ಮೇಲೆ ಸುಶೀಲಾ ಬಾಯಿ ತೆರೆದಳು. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು. "ನಿಮ್ಮ ಅಂಕಿ ಸುಳ್ಳ ಅಂತ ನಾ ಯಾವಾಗ ಅಂದೇನಿ? ಖರೆ ಐತಿ. ತಂಪೂ ಐತಿ. ಖರೆ ಅನ್ನೂದನ್ನ ನೀವ ಇಟಗೋರಿ, ನನಗ ನನ್ನ ಮಂದಿ ಕೊಡ್ರಿ. ಅಥಣ್ಯಾಗ ಜಾಗಾ ಇರಲಿಲ್ಲ, ಮಂದಿ ಬರಲಿಲ್ಲ, ಅದು ತಿಳೀತಿತ್ತ. ಇಲ್ಲಿ ಇಷ್ಟ ದೊಡ್ಡ ಜಾಗಾ ಇಟಗೊಂಡ ಸೆಕಿ ಇಲ್ಲದ ಒಬ್ಬಾಕಿನ ಕುಂದರೂದಂದ್ರ..." ಮಾತು ಮುಗಿಸದೆ ಮೊರ ಎತ್ತಿಕೊಂಡಳು. ಮರುದಿನ ಮಧ್ಯಾಹ್ನದಿಂದ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು, ಮನೆಯನ್ನು ಸುತ್ತುಹಾಕಿ, ರಸ್ತೆ ದಾಟಿ, ಅಕ್ಕಾತಾಯಿಯ ಕಟ್ಟೆಗೆ ಹೋಗಿ ಕೂರತೊಡಗಿದಳು. ಓಣಿಯವರೆಲ್ಲ ಆಗಲೇ ಅಲ್ಲಿದ್ದರು. ತಗಡಿನ ಚಪ್ಪರದ ಕೆಳಗಿನ ಕಟ್ಟೆ, ಒಲೆಯ ಪಕ್ಕದಲ್ಲಿ ಕೂತ ಹಾಗೆ. ಅಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅವರು ನಗುವುದು, ಬಾಗಿಲು ಮುಚ್ಚಿದ್ದರಿಂದ ನನಗೆ ಕೇಳುತ್ತಿರಲಿಲ್ಲ.

ಗೆದ್ದವನಿಗೆ ಇರಬೇಕಾದ ನೆಮ್ಮದಿ ನನಗಿರಲಿಲ್ಲ. ನನ್ನ ಮಾತು ಖರೆಯಾಗಿತ್ತು, ಆದರೆ ಅದನ್ನು ಒಪ್ಪಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಶಾಲೆಯ ಪ್ರಯೋಗಶಾಲೆಯಿಂದ ಥರ್ಮಾಮೀಟರ್ ತಂದು ಪಡಸಾಲೆಯ ಮೊಳೆಗೆ ತೂಗುಹಾಕಿದೆ. ಅತಿ ಬಿಸಿಲಿನ ಒಂದು ಮಧ್ಯಾಹ್ನ ನೋಡಿದರೆ ಪಾದರಸ ಎಷ್ಟು ಕೆಳಗೆ ನಿಂತಿತ್ತೆಂದರೆ, ನನ್ನ ಎದೆ ಹಿಗ್ಗಿತು. ಇದನ್ನು ಆಕೆಗೆ ಈಗಲೇ, ಈ ಕ್ಷಣವೇ ತೋರಿಸಬೇಕೆನ್ನಿಸಿತು. ಮೊಳೆಯಿಂದ ಥರ್ಮಾಮೀಟರ್ ಕಿತ್ತುಕೊಂಡು, ಬಾಗಿಲು ಸರಿಸಿ, ಬರಿಗಾಲಲ್ಲಿ ಕುಣಿಯುತ್ತ ರಸ್ತೆ ದಾಟಿ ಕಟ್ಟೆಯ ಮುಂದೆ ನಿಂತೆ. "ನೋಡ, ನಮ್ಮ ಪಡಸಾಲ್ಯಾಗ ಎಷ್ಟೈತಿ ನೋಡ!" ಎಂದು ಏದುಸಿರಿನಲ್ಲಿ ಹೇಳಿ ಕೈಗೆ ಕೊಟ್ಟೆ. ಸುಶೀಲಾ ತಿರುಗಿಸಿ ನೋಡಿದಳು. ಅಕ್ಕಾತಾಯಿಯ ಸೊಸೆ ಬಗ್ಗಿ ಗೆರೆ ಓದಿದಳು. "ಇಲ್ಲೆಷ್ಟೈತೋ ಅಲ್ಲೂ ಅಷ್ಟ ಐತಲ್ರಿ ಮಾಸ್ತರ" ಎಂದಳು. ಇಸಿದುಕೊಂಡು ನೋಡಿದೆ. ಪಾದರಸ ನನ್ನ ಜೊತೆಗೇ ರಸ್ತೆ ದಾಟಿ, ನನಗಿಂತ ಮೊದಲು ಕಟ್ಟೆ ಹತ್ತಿಬಿಟ್ಟಿತ್ತು. ಥರ್ಮಾಮೀಟರನ್ನು ಇದ್ದ ಜಾಗದಲ್ಲೇ ಓದಬೇಕೆಂದು ಪ್ರತಿ ವರ್ಷ ಎಂಟನೆಯ ಇಯತ್ತೆಯ ಹುಡುಗರಿಗೆ ಹೇಳುವವನು ನಾನು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಸುಶೀಲಾ ಮಾತ್ರ ನಗಲಿಲ್ಲ. "ಕಾಲ ಸುಟ್ಟಾವೇನ್ರಿ?" ಎಂದಳು.

ನಾನು ಕಾಲು ಬದಲಿಸುತ್ತ ನಿಂತಿರುವಾಗ ಅಕ್ಕಾತಾಯಿ ನನ್ನ ಭುಜದಾಚೆ ಕಣ್ಣು ಕಿರಿದು ಮಾಡಿ ನೋಡಿ, "ಯವ್ವಾ ಸುಶೀಲಾ, ನಿಮ್ಮ ಬಾಗಲಾ ತೆಗದೈತಿ ನೋಡ" ಎಂದಳು. ಎಲ್ಲರೂ ತಿರುಗಿದರು. ನಿಜ. ಗಡಿಬಿಡಿಯಲ್ಲಿ ನಾನು ಪೂರ್ತಿ ಸರಿಸಿ ಹಾಗೇ ಬಿಟ್ಟು ಬಂದಿದ್ದೆ. ಬೆಳಗಿನಿಂದ ಕೂಡಿಟ್ಟ ತಂಪೆಲ್ಲ ರಸ್ತೆಗೆ ಇಳಿಯುತ್ತಿರಬೇಕು. ಸುಶೀಲಾ ನನ್ನನ್ನು ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಎದ್ದು ಮೊರ ಸೊಂಟಕ್ಕೆ ಇಟ್ಟುಕೊಂಡು, "ಬರ್ರಿ ಎಲ್ಲಾರೂ" ಎಂದಳು. ತೆರೆದ ಬಾಗಿಲಿಗೆ ಇನ್ನೊಂದು ಕರೆ ಬೇಕಿರಲಿಲ್ಲ. ಮೊರ, ಕೌದಿ, ಮೊಮ್ಮಕ್ಕಳು, ಎಲೆಯಡಿಕೆಯ ಚಂಚಿ, ಎಲ್ಲ ಸಮೇತ ಓಣಿಗೆ ಓಣಿಯೇ ಎದ್ದು ರಸ್ತೆ ದಾಟಿತು.

ನಾನು ಕಾಲು ಸುಟ್ಟುಕೊಳ್ಳುತ್ತ ಹಿಂದೆ ಹೋಗುವಷ್ಟರಲ್ಲಿ ಅವರು ಒಳಗೆ ಕೂತಾಗಿತ್ತು. "ಅಬಬಬ, ಏನ ತಂಪವ್ವಾ! ಸ್ವರ್ಗ ಐತಿ ಬೇ!" ಎಂದಳು ಅಕ್ಕಾತಾಯಿ. ಇಡೀ ಬೇಸಿಗೆ ನಾನು ಕಾದಿದ್ದ ಮಾತು. ಅದು ಇನ್ನೊಂದಿಷ್ಟು ಹೊತ್ತು ಖರೆಯಾಗಿ ಉಳಿಯಬೇಕಾದರೆ ಬಾಗಿಲು ಎಳೆಯಬೇಕಿತ್ತು. ಎಳೆಯಲು ಬಗ್ಗಿದೆ, ಹಳಿಯ ಉದ್ದಕ್ಕೂ ಚಪ್ಪಲಿಗಳು ಬಿದ್ದಿದ್ದವು. ಒಂದನ್ನು ಎತ್ತಿ ಪಕ್ಕಕ್ಕಿಡಲು ಹೋದವನು ತಲೆಯೆತ್ತಿದೆ. ನಡುವೆ ಕೂತಿದ್ದ ಸುಶೀಲಾ ನನ್ನನ್ನೇ ನೋಡುತ್ತಿದ್ದಳು. ಚಪ್ಪಲಿಯನ್ನು ಇದ್ದಲ್ಲೇ ಬಿಟ್ಟೆ.

"ಈಗ ಎಷ್ಟೈತ್ರೀ?" ಎಂದು ಆಕೆಯೇ ಕೇಳಿದಳು. ಇದ್ದಬಿದ್ದ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ನನ್ನ ಅಂಕಿಯನ್ನು ಕೇಳಲು ಅಷ್ಟು ಜನ ಒಟ್ಟಿಗೆ ಕೂತದ್ದು ಅದೇ ಮೊದಲು. ಕೈಯಲ್ಲಿದ್ದುದನ್ನು ನೋಡಿದೆ. ಪಾದರಸ ರಸ್ತೆಯ ಅಂಕಿಯನ್ನು ಬಿಟ್ಟು ಒಂದು ಗೆರೆಯೂ ಇಳಿದಿರಲಿಲ್ಲ. ತೆರೆದ ಬಾಗಿಲಿನಲ್ಲಿ ನಿಂತಿದ್ದೆನಲ್ಲ, ಇಳಿಯುವ ಲಕ್ಷಣವೂ ಇರಲಿಲ್ಲ.

"ಭಾಳ ತಂಪೈತಿ" ಎಂದು ಹೇಳಿ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಂಡೆ. ಅವರು ತೃಪ್ತರಾಗಿ ಶೇಂಗಾ ಸುಲಿಯಲು ಹತ್ತಿದರು. ಒಳಗೆ ಕೂರಲು ಜಾಗವಿರಲಿಲ್ಲ. ನಾನು ಮತ್ತೆ ರಸ್ತೆ ದಾಟಿ ಅಕ್ಕಾತಾಯಿಯ ಖಾಲಿ ಕಟ್ಟೆಯ ಮೇಲೆ, ತಗಡಿನ ಕೆಳಗೆ ಹೋಗಿ ಕೂತೆ. ಅಲ್ಲಿಂದ ನೋಡಿದರೆ ನಮ್ಮ ಪಡಸಾಲೆ ನಿಜವಾಗಿಯೂ ಬಹಳ ತಂಪಾಗಿ ಕಾಣುತ್ತಿತ್ತು.